ಕಾಸರಗೋಡಿನ ಕಡಲು, ಹೊಳೆ, ಆಕಾಶ: ಲಾಂಗ್ ಎಕ್ಸ್‌ಪೋಶರ್ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಗೆಳೆಯರು ಕ್ಯಾಮೆರಾ ಕೊಂಡ ಮೇಲೆ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ವಿಡಿಯೊ ನೋಡಿದರೆ ತಂತ್ರ ಬರುತ್ತದೆ. ಆದರೆ ನಮ್ಮ ಬೆಳಕು, ನಮ್ಮ ಮಳೆ, ನಮ್ಮ ಉಪ್ಪುಗಾಳಿಯಲ್ಲಿ ಏನು ಮಾಡಬೇಕು ಅನ್ನುವುದು ಅದರಲ್ಲಿ ಸಿಗುವುದಿಲ್ಲ. ಅದಕ್ಕೇ ಇದನ್ನು ಬರೆದಿದ್ದೇನೆ.

ಲಾಂಗ್ ಎಕ್ಸ್‌ಪೋಶರ್ ಅಂದರೆ ಏನು?

ಶಟರನ್ನು ಜಾಸ್ತಿ ಹೊತ್ತು ತೆರೆದಿಡುವುದು. ಹಗಲಲ್ಲಿ ಕ್ಯಾಮೆರಾ ಸೆಕೆಂಡಿನ ನೂರರಲ್ಲೊಂದು, ಐನೂರರಲ್ಲೊಂದು ಪಾಲಿನಷ್ಟು ಹೊತ್ತು ಬೆಳಕನ್ನು ಒಳಗೆ ಬಿಡುತ್ತದೆ. ಅದನ್ನೇ ಅರ್ಧ ಸೆಕೆಂಡಿಗೋ, ಹತ್ತು ಸೆಕೆಂಡಿಗೋ, ನಾಲ್ಕು ನಿಮಿಷಕ್ಕೋ ಎಳೆಯಿರಿ. ನಿಂತದ್ದು ನಿಂತ ಹಾಗೇ ಬರುತ್ತದೆ. ಚಲಿಸಿದ್ದು ಗೆರೆಯಾಗುತ್ತದೆ, ಇಲ್ಲವೇ ಕರಗಿ ಮಾಯವಾಗುತ್ತದೆ.

ದುಬಾರಿ ಕ್ಯಾಮೆರಾ ಬೇಕಾ?

ಬೇಡ. ಶಟರ್, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ), ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ) ಮೂರನ್ನೂ ನಾವೇ ಹೊಂದಿಸಲು ಬರುವ ಯಾವ ಕ್ಯಾಮೆರಾವೂ ಆಗುತ್ತದೆ. ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, ಅದರ ಜೊತೆಗೇ ಬರುವ 18-55 ಲೆನ್ಸ್, ಅಷ್ಟು ಸಾಕು. ದುಡ್ಡು ಮಿಕ್ಕಿದರೆ ಟ್ರೈಪಾಡಿಗೆ ಹಾಕಿ. ಹಗುರ ಟ್ರೈಪಾಡ್ ಹೊತ್ತುಕೊಂಡು ಹೋಗಲು ಸುಖ, ಆದರೆ ಕಡಲ ಗಾಳಿಗೆ ನಡುಗುತ್ತದೆ. ಕಾಲು ದಪ್ಪ ಇರುವುದನ್ನೇ ಕೊಳ್ಳಿ. ನಡುವಿನ ಕಂಬವನ್ನು ಮೇಲಕ್ಕೆ ಎಳೆಯದೇ ಕೆಲಸ ಮಾಡಿ. ಅದನ್ನು ಎತ್ತಿದಷ್ಟೂ ಕ್ಯಾಮೆರಾ ಅಲುಗುತ್ತದೆ.

ರಿಮೋಟ್ ಇಲ್ಲದಿದ್ದರೂ ಚಿಂತೆಯಿಲ್ಲ. 2 ಸೆಕೆಂಡಿನ ಟೈಮರ್ ಇಟ್ಟು ಬಟನ್ ಒತ್ತಿ ಕೈ ತೆಗೆದರೆ ಆಯಿತು. 30 ಸೆಕೆಂಡಿಗಿಂತ ಜಾಸ್ತಿ ಬೇಕು, ಅಂದರೆ ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದಿರುವ ಬಲ್ಬ್ ಮೋಡಿಗೆ ಹೋಗಬೇಕು ಅನ್ನುವಾಗ ಮಾತ್ರ ಲಾಕ್ ಆಗುವ ರಿಮೋಟ್ ಬೇಕಾಗುತ್ತದೆ.

ಮೊಬೈಲಲ್ಲಿ ಆಗುತ್ತಾ?

ಆಗುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಪ್ರೊ ಮೋಡ್ ಇದ್ದರೆ ಶಟರ್ ಹೊತ್ತನ್ನು ನಾವೇ ಹಾಕಬಹುದು. ಐಫೋನಿನಲ್ಲಿ ಲೈವ್ ಫೋಟೊ ತೆಗೆದು ಆಮೇಲೆ ಲಾಂಗ್ ಎಕ್ಸ್‌ಪೋಶರ್ ಎಫೆಕ್ಟ್ ಆರಿಸಬಹುದು. ಹೆಚ್ಚಿನ ಫೋನುಗಳಲ್ಲಿ ಅಪರ್ಚರ್ ಕಿರಿದು ಮಾಡಲು ಬರುವುದಿಲ್ಲ. ಹಾಗಾಗಿ ಪ್ರೊ ಮೋಡಿನಲ್ಲಿ ಹಗಲು ಹೊತ್ತು ಎಲ್ಲ ಬಿಳಿಚಿ ಹೋಗುತ್ತದೆ. ಸಂಜೆ ಬೆಳಕು ಇಳಿದ ಮೇಲೆ ಶುರು ಮಾಡಿ. ಟ್ರೈಪಾಡ್ ಮಾತ್ರ ಫೋನಿಗೂ ಬೇಕೇ ಬೇಕು.

ಎಷ್ಟು ಸೆಕೆಂಡು ಇಡಬೇಕು?

ಇದಕ್ಕೆ ಒಂದೇ ಸಂಖ್ಯೆ ಹೇಳುವವರನ್ನು ನಂಬಬೇಡಿ. ಎದುರಿಗೆ ಏನು ಚಲಿಸುತ್ತಿದೆ, ಎಷ್ಟು ವೇಗದಲ್ಲಿ ಚಲಿಸುತ್ತಿದೆ ಅನ್ನುವುದು ಸೆಕೆಂಡನ್ನು ತೀರ್ಮಾನಿಸುತ್ತದೆ. ಈ ಹವ್ಯಾಸದಲ್ಲಿ ನಿಜವಾಗಿ ಕಲಿಯಬೇಕಾದದ್ದು ಇದನ್ನೇ. ಉಳಿದದ್ದೆಲ್ಲ ಕ್ಯಾಮೆರಾದ ಜೊತೆ ಕೊಡುವ ಪುಸ್ತಕದಲ್ಲಿದೆ.

ಬೇಕಲದ ಬಂಡೆಗಳ ಹತ್ತಿರ ಕೂತು ಒಂದು ಅಲೆಯನ್ನು ಪೂರ್ತಿ ನೋಡಿ. ಬರುವಾಗ ಅದು ನೊರೆಯ ಗೋಡೆ. ಬಂಡೆಗೆ ಬಡಿದು ಚದುರುತ್ತದೆ. ಒಂದು ಗಳಿಗೆ ಎಲ್ಲ ನಿಂತಂತಾಗುತ್ತದೆ. ಆಮೇಲೆ ನೀರು ಮರಳುತ್ತದೆ. ಆಗ ನೊರೆ ಎಳೆ ಎಳೆಯಾಗಿ ಬಿಡಿಸಿಕೊಂಡು, ಬಂಡೆಯ ಎರಡೂ ಪಕ್ಕದಿಂದ ಜಾರಿ, ಕೆಳಗೆ ಮರಳಿನ ಮೇಲೆ ಮತ್ತೆ ಸೇರುತ್ತದೆ. ಮುರಕಲ್ಲಿನ ಗುಂಡಿಗಳಲ್ಲಿ ನಿಂತ ನೀರು ಮುಂದಿನ ಅಲೆ ಬರುವವರೆಗೂ ತೊಟ್ಟಿಕ್ಕುತ್ತಲೇ ಇರುತ್ತದೆ.

ಆ ಎಳೆಗಳು ಬೇಕಾದರೆ ಕಾಲು ಸೆಕೆಂಡಿನಿಂದ ಒಂದು ಸೆಕೆಂಡು. ನೀರು ಮರಳಲು ಶುರುವಾದ ಕ್ಷಣಕ್ಕೇ ಶಟರ್ ಬೀಳಬೇಕು. ಇಲ್ಲಿ ಟೈಮರ್ ನೆಚ್ಚಿಕೊಂಡರೆ ಆ ಕ್ಷಣ ತಪ್ಪಿಹೋಗುತ್ತದೆ, ರಿಮೋಟೇ ಒಳ್ಳೆಯದು. 4 ಸೆಕೆಂಡು ಇಟ್ಟರೆ ಎಳೆಗಳು ಒಂದರ ಮೇಲೊಂದು ಬಿದ್ದು ಕಲಸಿ ಹೋಗುತ್ತವೆ. 30 ಸೆಕೆಂಡು ದಾಟಿದರೆ ಹಲವು ಅಲೆಗಳು ಒಟ್ಟಾಗಿ ಬಂಡೆಯ ಸುತ್ತ ಬಿಳಿ ಮಂಜಾಗುತ್ತವೆ.

ತೋಟದ ತೋಡಿಗೆ, ಕಟ್ಟದ ಮೇಲಿಂದ ಇಳಿಯುವ ನೀರಿಗೆ ಅರ್ಧದಿಂದ 2 ಸೆಕೆಂಡು. ಹೆದ್ದಾರಿಯಲ್ಲಿ ವಾಹನಗಳ ದೀಪದ ಗೆರೆಗೆ 10ರಿಂದ 20. ಜಾತ್ರೆಯ ಜಯಂಟ್ ವ್ಹೀಲಿಗೆ 2ರಿಂದ 4. ಮೋಡಕ್ಕೆ ಒಂದರಿಂದ ನಾಲ್ಕು ನಿಮಿಷ. ಇವೆಲ್ಲ ಶುರು ಮಾಡುವುದಕ್ಕೆ ಅಷ್ಟೇ.

ಎಲ್ಲ ನೀರನ್ನೂ ಹಾಲಿನ ಹಾಗೆ ಮಾಡುವ ಅಭ್ಯಾಸ ನನಗೆ ಇಷ್ಟವಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಕಡಲಿನ ಅಬ್ಬರವನ್ನು ಒಂದು ನಿಮಿಷ ತೆರೆದಿಟ್ಟು ತೊಳೆದುಹಾಕಿದರೆ, ಅದು ಯಾವ ಊರಿನ ಕಡಲೂ ಆಗಬಹುದು, ಅಲ್ವಾ? ಒಂದು ಅಭ್ಯಾಸ ಮಾಡಿ ನೋಡಿ. ಟ್ರೈಪಾಡ್ ಕದಲಿಸದೆ ಅದೇ ನೋಟವನ್ನು ಅರ್ಧ ಸೆಕೆಂಡು, 4 ಸೆಕೆಂಡು, 60 ಸೆಕೆಂಡಿಗೆ ತೆಗೆಯಿರಿ. ಮನೆಗೆ ಬಂದು ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಯಾವುದರಲ್ಲಿ ನೀವು ಕಂಡ ಕಡಲು ಇದೆ ಅಂತ ನಿಮಗೇ ಗೊತ್ತಾಗುತ್ತದೆ.

ಎನ್‌ಡಿ ಫಿಲ್ಟರ್ ಯಾವುದು ಕೊಳ್ಳಬೇಕು? ಲೆಕ್ಕ ಹೇಗೆ?

ಎನ್‌ಡಿ ಫಿಲ್ಟರ್ ಅಂದರೆ ಬೆಳಕು ಕಡಿಮೆ ಮಾಡುವ ಕಪ್ಪು ಗಾಜು. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು. 6 ಸ್ಟಾಪಿನದ್ದು, ಅಂದರೆ ಎನ್‌ಡಿ64, ಶಟರ್ ಹೊತ್ತನ್ನು 64 ಪಟ್ಟು ಮಾಡುತ್ತದೆ. 10 ಸ್ಟಾಪಿನ ಎನ್‌ಡಿ1000 ಸುಮಾರು ಸಾವಿರ ಪಟ್ಟು. ಫಿಲ್ಟರ್ ಇಲ್ಲದೆ ಸೆಕೆಂಡಿನ 30ರಲ್ಲೊಂದು ಪಾಲು ಬಂದರೆ, 10 ಸ್ಟಾಪ್ ಹಾಕಿದಾಗ ಸುಮಾರು 30 ಸೆಕೆಂಡು. 125ರಲ್ಲೊಂದು ಬಂದರೆ 8 ಸೆಕೆಂಡು. ಒಂದೇ ಫಿಲ್ಟರ್ ಕೊಳ್ಳುವುದಾದರೆ ನಾನು 6 ಸ್ಟಾಪಿನದ್ದನ್ನೇ ಹೇಳುತ್ತೇನೆ. ಸಂಜೆಯ ಹೊತ್ತಿಗೆ ಅದು ಜಾಸ್ತಿ ಕೆಲಸಕ್ಕೆ ಬರುತ್ತದೆ.

ಫಿಲ್ಟರ್ ಹಾಕುವ ಮೊದಲೇ ಫೋಕಸ್ ಮಾಡಿ, ಲೆನ್ಸನ್ನು ಮ್ಯಾನ್ಯುವಲಿಗೆ ತಿರುಗಿಸಿ. 10 ಸ್ಟಾಪ್ ಹಾಕಿದ ಮೇಲೆ ಕ್ಯಾಮೆರಾಕ್ಕೆ ಫೋಕಸ್ ಹಿಡಿಯುವುದು ಕಷ್ಟ. ಡಿಎಸ್‌ಎಲ್‌ಆರ್ ಆದರೆ ಹಿಂದಿನ ವ್ಯೂಫೈಂಡರನ್ನು ಬಟ್ಟೆಯಿಂದ ಮುಚ್ಚಿ. ಅಲ್ಲಿಂದಲೂ ಬೆಳಕು ಒಳಗೆ ಸೋರುತ್ತದೆ.

ಅಡಿಕೆ ತೋಟದ ಒಳಗೆ ಎನ್‌ಡಿ ಬೇಕಾಗುವುದೇ ಕಡಿಮೆ. ಮೋಡ ಕವಿದ ದಿನ ಮರಗಳ ಕೆಳಗೆ ಎಫ್/11 (ಇದು ಅಪರ್ಚರಿನ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು), ಐಎಸ್‌ಒ 100 ಇಟ್ಟರೆ ಸುಮ್ನೆ ಅರ್ಧ ಸೆಕೆಂಡು ಸಿಗುತ್ತದೆ. ಅಲ್ಲಿ ಬೇಕಾದದ್ದು ಪೋಲರೈಸರ್. ಒದ್ದೆ ಎಲೆ, ಒದ್ದೆ ಕಲ್ಲಿನ ಮೇಲಿನ ಬಿಳಿ ಹೊಳಪನ್ನು ಅದು ತೆಗೆದುಹಾಕುತ್ತದೆ. ಹಸಿರು ಹಸಿರಾಗಿಯೇ ಕಾಣುತ್ತದೆ. ಜೊತೆಗೆ ಒಂದೂವರೆ ಎರಡು ಸ್ಟಾಪ್ ಬೆಳಕನ್ನೂ ತಿನ್ನುತ್ತದೆ, ಅದೂ ಲಾಭವೇ.

ಸೂರ್ಯ ಮುಳುಗುವುದನ್ನು ತೆಗೆಯಲು ಎಷ್ಟು ಹೊತ್ತಿಗೆ ಹೋಗಬೇಕು?

ನವೆಂಬರ್ ಕೊನೆಗೆ ನಮ್ಮಲ್ಲಿ ಸೂರ್ಯ ಸುಮಾರು 6 ಗಂಟೆಗೆ ಮುಳುಗುತ್ತಾನೆ. ಜುಲೈ ಮೊದಲಿಗೆ 7 ಆಗುವುದಕ್ಕೆ ಸ್ವಲ್ಪ ಮುಂಚೆ. ಒಂದು ಗಂಟೆ ಮೊದಲೇ ಹೋಗಿ ಜಾಗ ಹುಡುಕಿಕೊಳ್ಳಿ. ಮುಳುಗಿದ ಕೂಡಲೇ ಚೀಲ ಕಟ್ಟಬೇಡಿ. ಆಮೇಲಿನ ಹತ್ತಿಪ್ಪತ್ತು ನಿಮಿಷವೇ ನಮ್ಮದು. ಆದರೆ ನಮ್ಮ ಮುಸ್ಸಂಜೆ ಗಿಡ್ಡ. ಯುರೋಪಿನವರ ವಿಡಿಯೊದಲ್ಲಿ ಬೆಳಕು ನಿಧಾನವಾಗಿ ಇಳಿಯುತ್ತದೆ. ಇಲ್ಲಿ 12 ಡಿಗ್ರಿ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚು ಕಡಿಮೆ ನೆಟ್ಟಗೆ ಕೆಳಗಿಳಿಯುತ್ತಾನೆ. ಇಪ್ಪತ್ತೆರಡು ಇಪ್ಪತ್ಮೂರು ನಿಮಿಷದಲ್ಲಿ ಕತ್ತಲೆ ಹತ್ತಿರ ಬಂದಾಯಿತು. ಎರಡು ನಿಮಿಷದ ಎಕ್ಸ್‌ಪೋಶರ್ ಮುಗಿಯುವಷ್ಟರಲ್ಲೇ ಬೆಳಕು ಇಳಿದಿರುತ್ತದೆ. ಹಾಗಾಗಿ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ಇಡಿ.

ಸೂರ್ಯ ಮುಳುಗುವ ಜಾಗವೂ ವರ್ಷವಿಡೀ ಸರಿಯುತ್ತದೆ. ಜೂನಿನಲ್ಲಿ ಪಶ್ಚಿಮದಿಂದ ಬಲಕ್ಕೆ, ಡಿಸೆಂಬರಿನಲ್ಲಿ ಎಡಕ್ಕೆ, ಎರಡೂ ಕಡೆ ಸುಮಾರು 24 ಡಿಗ್ರಿ. ನಿಮ್ಮ ಇಷ್ಟದ ಬಂಡೆಯ ನೇರಕ್ಕೆ ಸೂರ್ಯ ಬರುವುದು ವರ್ಷದಲ್ಲಿ ಕೆಲವೇ ದಿನ. ಅದನ್ನು ಬರೆದಿಟ್ಟುಕೊಳ್ಳಿ.

ಮಳೆಗಾಲದಲ್ಲಿ ಕ್ಯಾಮೆರಾ ಒಳಗೆ ಇಟ್ಟುಬಿಡಬೇಕಾ?

ಖಂಡಿತ ಬೇಡ! ಲಾಂಗ್ ಎಕ್ಸ್‌ಪೋಶರಿಗೆ ನಮ್ಮ ಊರಿನ ಒಳ್ಳೆಯ ಕಾಲವೇ ಅದು. ಡಿಸೆಂಬರ್, ಜನವರಿಯಲ್ಲಿ ಆಕಾಶ ಖಾಲಿ. ನಾಲ್ಕು ನಿಮಿಷ ತೆರೆದಿಟ್ಟರೂ ಮೇಲೆ ಏನೂ ನಡೆಯುವುದಿಲ್ಲ. ಮೇ ಕೊನೆಯ ವಾರದ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ನೋಡಿ. ನೈಋತ್ಯದ ಗಾಳಿ ಮೋಡಗಳನ್ನು ಕಡಲಿನಿಂದ ನಮ್ಮ ಕಡೆಗೇ ತಳ್ಳುತ್ತದೆ. ಕಡಲಿಗೆ ಮುಖ ಮಾಡಿ ಒಂದು ನಿಮಿಷ ಶಟರ್ ತೆರೆದರೆ ಮೋಡಗಳು ದಿಗಂತದ ಒಂದು ಕಡೆಯಿಂದ ಹೊರಟು ತಲೆಯ ಮೇಲಕ್ಕೆ ಹರಡಿದ ಗೆರೆಗಳಾಗುತ್ತವೆ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ನಿಷೇಧ. ಟ್ರಾಲಿಂಗ್ ಬೋಟುಗಳೆಲ್ಲ ಆಗ ದಡ ಸೇರಿರುತ್ತವೆ. ನೀರಿನಲ್ಲಿ ಕಟ್ಟಿದ ಬೋಟು ತೂಗಾಡಿ ಮಸುಕಾಗುತ್ತದೆ. ಮರಳಿನ ಮೇಲೆ ಎಳೆದಿಟ್ಟ ದೋಣಿ ಆರಿಸಿಕೊಳ್ಳಿ, ಅದು ಗಟ್ಟಿಯಾಗಿ ನಿಲ್ಲುತ್ತದೆ, ಮೇಲೆ ಆಕಾಶ ಓಡುತ್ತದೆ.

ಮಳೆ ಹನಿಗೆ ಕೊಡೆ, ಕ್ಯಾಮೆರಾಕ್ಕೆ ಒಂದು ಪ್ಲಾಸ್ಟಿಕ್ ಚೀಲ, ಕಿಸೆಯಲ್ಲಿ ಹಳೆಯ ಹತ್ತಿ ಬಟ್ಟೆ. ಫಿಲ್ಟರಿನ ಮೇಲೆ ಹನಿ ಬಿದ್ದಿದೆಯಾ ಅಂತ ಪ್ರತಿ ಸಲವೂ ನೋಡಿ.

ಮಳೆಗಾಲದ ನಿಜವಾದ ಶತ್ರು ಲೆನ್ಸಿನ ಫಂಗಸ್. ಚರ್ಮದ ಚೀಲದಲ್ಲಿ, ಮರದ ಕಪಾಟಿನಲ್ಲಿ ಲೆನ್ಸ್ ಇಟ್ಟರೆ ಗಾಜಿನ ಒಳಗೆ ಜೇಡನ ಬಲೆಯಂಥ ಎಳೆ ಹಬ್ಬುತ್ತದೆ. ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬ ತನ್ನಿ. ಅದರಲ್ಲಿ ಸಿಲಿಕಾ ಜೆಲ್ ಮತ್ತು ತೇವ ಅಳೆಯುವ ಚಿಕ್ಕ ಮೀಟರ್ ಇಡಿ. ಮೀಟರ್ 40-50 ತೋರಿಸಿದರೆ ಸರಿ. ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಹಾಕಬಹುದು. ಒದ್ದೆ ಕ್ಯಾಮೆರಾವನ್ನು ನೇರ ಡಬ್ಬದೊಳಗೆ ಇಡಬೇಡಿ. ಫ್ಯಾನಿನ ಕೆಳಗೆ ಆರಿಸಿ.

ಬೇಕಲ ಕೋಟೆಯೊಳಗೆ ಟ್ರೈಪಾಡ್ ಬಿಡುತ್ತಾರಾ?

ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಈ ಕೋಟೆ ಈಗ ಭಾರತೀಯ ಪುರಾತತ್ವ ಇಲಾಖೆಯ ಕೈಯಲ್ಲಿದೆ. ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಅನುಮತಿ ಬೇಕು. ರಾತ್ರಿ ಒಳಗಿರಲು ಬಿಡುವುದಿಲ್ಲ. ಪಕ್ಕದ ಕಡಲ ಕಿನಾರೆಯಿಂದ ಕೋಟೆಯ ಗೋಡೆ ಮತ್ತು ಅಲೆ ಎರಡೂ ಸಿಗುತ್ತವೆ. ನನ್ನ ಕೇಳಿದರೆ ಲಾಂಗ್ ಎಕ್ಸ್‌ಪೋಶರಿಗೆ ಹೊರಗಿನ ಈ ಜಾಗವೇ ವಾಸಿ.

ಜನ ತುಂಬಿದ ಜಾಗದಲ್ಲಿ ಜನ ಕಾಣದ ಹಾಗೆ ಮಾಡಬಹುದಾ?

ಮಾಡಬಹುದು, ಜನ ನಡೆಯುತ್ತಿದ್ದರೆ. 10 ಸ್ಟಾಪ್ ಫಿಲ್ಟರಿನಲ್ಲಿ ಎರಡು ನಿಮಿಷ ಇಟ್ಟರೆ ನಡೆಯುವವರು ಅಳಿಸಿ ಹೋಗುತ್ತಾರೆ. ನಿಂತು ಸೆಲ್ಫಿ ತೆಗೆಯುವವರು ಉಳಿಯುತ್ತಾರೆ. 1838ರಲ್ಲಿ ಲೂಯಿ ಡಾಗೇರ್ ಪ್ಯಾರಿಸಿನ ಒಂದು ಗಿಜಿಗುಡುವ ಬೀದಿಯ ಚಿತ್ರ ತೆಗೆದ. ಎಕ್ಸ್‌ಪೋಶರ್ ಹಲವು ನಿಮಿಷ ಹಿಡಿದದ್ದರಿಂದ ಗಾಡಿ, ಕುದುರೆ, ಜನ ಎಲ್ಲ ಮಾಯ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತಿದ್ದ ಒಬ್ಬ ಮನುಷ್ಯ ಮಾತ್ರ ಮೂಲೆಯಲ್ಲಿ ಎದ್ದು ಕಾಣುತ್ತಾನೆ. ಫೋಟೊದಲ್ಲಿ ಮನುಷ್ಯರು ಕಾಣಿಸಿಕೊಂಡ ಮೊದಲ ಚಿತ್ರಗಳಲ್ಲಿ ಅದೂ ಒಂದು.

ಕಡಲ ಬದಿಯಲ್ಲಿ ಯಾವುದಕ್ಕೆ ಹೆದರಬೇಕು?

ಕಳ್ಳಕ್ಕಡಲಿಗೆ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ದೊಡ್ಡ ಅಲೆಗಳು ದಿನಗಟ್ಟಲೆ ಪ್ರಯಾಣ ಮಾಡಿ ನಮ್ಮ ದಡಕ್ಕೆ ಬಂದು ಬೀಳುತ್ತವೆ. ಇಲ್ಲಿ ಗಾಳಿಯೂ ಇರುವುದಿಲ್ಲ, ಮಳೆಯೂ ಇರುವುದಿಲ್ಲ. ಮಳೆಗಾಲದ ಮುಂಚಿನ ತಿಂಗಳುಗಳಲ್ಲಿ ಇದು ಜಾಸ್ತಿ. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇಂಕಾಯಿಸ್ ಸಂಸ್ಥೆ ಮುನ್ನೆಚ್ಚರಿಕೆ ಕೊಡುತ್ತದೆ, ಪೇಪರಿನಲ್ಲೂ ಬರುತ್ತದೆ. ಅಂಥ ದಿನ ಕಡಲಿಗೆ ಹೋಗಲೇಬೇಡಿ. ನಾವು ಕ್ಯಾಮೆರಾ ಪರದೆ ನೋಡುತ್ತ, ಕಡಲಿನ ಮೇಲೆ ಗಮನವಿಲ್ಲದೆ ನಿಂತಿರುವವರು. ಬೇರೆಯವರಿಗಿಂತ ನಮಗೇ ಅಪಾಯ ಜಾಸ್ತಿ.

ಸಾಮಾನ್ಯ ದಿನಗಳಲ್ಲೂ ಉಬ್ಬರ ಇಳಿತ ನೋಡಿಕೊಂಡು ಹೋಗಿ. ದಿನಕ್ಕೆ ಎರಡು ಉಬ್ಬರ, ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಮೇಲೇರುತ್ತದೆ. ಕಡಲ್ಕೊರೆತಕ್ಕೆ ಹಾಕಿದ ದೊಡ್ಡ ಬಂಡೆಗಳ ಮೇಲೆ ಪಾಚಿ ಇದ್ದರೆ ಕಾಲಿಡಬೇಡಿ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಸೊಂಟದ ನೀರಿಗೂ ಇಳಿಯಬೇಡಿ.

ಮರಳಿನಲ್ಲಿ ಟ್ರೈಪಾಡ್ ಹೂತುಹೋಗುತ್ತದೆ. ಏನು ಮಾಡುವುದು?

ಒದ್ದೆ ಮರಳಾದರೆ ಕಾಲುಗಳನ್ನು ಮೊದಲೇ ಗಟ್ಟಿಯಾಗಿ ಒತ್ತಿ ಕೂರಿಸಿ. ಒಂದು ಅಲೆ ಬಂದು ಹೋಗಲಿ, ಕಾಲು ಇನ್ನಷ್ಟು ಕೂರುತ್ತದೆ. ಆಮೇಲೆ ಫ್ರೇಮ್ ಸರಿ ಮಾಡಿ. ಒಣ ಮರಳಿನಲ್ಲಿ ಪ್ರತಿ ಕಾಲಿನ ಕೆಳಗೆ ಒಂದು ತೆಂಗಿನ ಗೆರಟೆ ಮಗುಚಿ ಇಡಿ. ಅಲೆ ಕಾಲನ್ನು ಸುತ್ತುವಾಗ ಶಟರ್ ತೆರೆದಿದ್ದರೆ ಆ ಫೋಟೊ ಅಲುಗಿದೆ ಅಂತಲೇ ಲೆಕ್ಕ.

ಮನೆಗೆ ಬಂದ ಕೂಡಲೇ ಟ್ರೈಪಾಡಿನ ಎಲ್ಲ ಗಂಟುಗಳನ್ನೂ ಬಿಚ್ಚಿ ಬಾವಿ ನೀರಿನಲ್ಲಿ ತೊಳೆಯಿರಿ. ನಾಳೆ ಮಾಡೋಣ ಅಂದರೆ ಉಪ್ಪು ಕಾಯುವುದಿಲ್ಲ. ಕ್ಯಾಮೆರಾವನ್ನು ಒದ್ದೆ ಬಟ್ಟೆ ಹಿಂಡಿ ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿ.

ನಕ್ಷತ್ರಗಳನ್ನು ಎಲ್ಲಿಂದ, ಯಾವಾಗ ತೆಗೆಯಬಹುದು?

ಕ್ಷೀರಪಥದ ಹೊಳೆಯುವ ನಡುಭಾಗ ಫೆಬ್ರವರಿಯಲ್ಲಿ ಬೆಳಗಿನ ಜಾವ ಆಗ್ನೇಯದಲ್ಲಿ ಏಳುತ್ತದೆ. ಮೇ ತಿಂಗಳಿಗೆ ನಡುರಾತ್ರಿಯ ಮೊದಲೇ ಮೇಲೆ ಬಂದಿರುತ್ತದೆ. ಆಮೇಲೆ ಮಳೆ. ಅಂದರೆ ಫೆಬ್ರವರಿಯಿಂದ ಮೇ ನಡುವಿನ ಅಮಾವಾಸ್ಯೆಗಳು ನಮ್ಮ ಪಾಲಿಗೆ ಸಿಗುವಂಥವು. ಐಎಸ್‌ಒ 3200, ಲೆನ್ಸಿನ ಅತಿ ಅಗಲದ ಅಪರ್ಚರ್. ನಕ್ಷತ್ರ ಚುಕ್ಕಿಯಾಗಿಯೇ ಇರಬೇಕಾದರೆ 500ನ್ನು ಫೋಕಲ್ ಲೆಂತಿನಿಂದ, ಅಂದರೆ ಲೆನ್ಸಿನ ಎಂಎಂ ಸಂಖ್ಯೆಯಿಂದ ಭಾಗಿಸಿ. ಸಣ್ಣ ಸೆನ್ಸರಿನ ಕ್ಯಾಮೆರಾ ಆದರೆ ಮತ್ತೆ ಒಂದೂವರೆಯಿಂದ ಭಾಗಿಸಿ. 18 ಎಂಎಂ ಲೆನ್ಸಿಗೆ ಸುಮಾರು 18 ಸೆಕೆಂಡು ಬರುತ್ತದೆ. ಇನ್ನೂ ಚೂಪಾಗಿ ಬೇಕಾದರೆ 12ಕ್ಕೆ ಇಳಿಸಿ.

ಗೆರೆಗಳು ಬೇಕೆನ್ನುವವರು ಉತ್ತರಕ್ಕೆ ತಿರುಗಬೇಕು. ಧ್ರುವ ನಕ್ಷತ್ರ ನಮ್ಮಲ್ಲಿ ದಿಗಂತದಿಂದ ಕೇವಲ 12 ಡಿಗ್ರಿ ಮೇಲೆ. ಕೈ ಉದ್ದ ಚಾಚಿ ಹಿಡಿದ ಮುಷ್ಟಿಗಿಂತ ಸ್ವಲ್ಪ ಮೇಲೆ, ಅಷ್ಟೇ. ತೋಟದ ನಡುವೆ ನಿಂತರೆ ಅದು ಕಾಣುವುದೇ ಇಲ್ಲ. ಮಂಜೇಶ್ವರದ ಕಡಲ ಬದಿಯಲ್ಲಿ ಉತ್ತರ ಅಂದರೆ ಮಂಗಳೂರಿನ ದೀಪಗಳ ಬೆಳಕು. ಅದಕ್ಕೇ ಒಳನಾಡಿನ ಪದವು, ಪಾರೆ ಒಳ್ಳೆಯದು. ಬಾಯಾರು ಕಡೆಯ ಪೊಸಡಿಗುಂಪೆಯಂಥ ಗುಡ್ಡೆಯಲ್ಲಿ ಉತ್ತರ ತೆರೆದಿರುತ್ತದೆ. 30 ಸೆಕೆಂಡಿನ ಫೋಟೊಗಳನ್ನು ಒಂದರ ಹಿಂದೊಂದು ಒಂದು ಗಂಟೆ ತೆಗೆದರೆ ಪ್ರತಿ ನಕ್ಷತ್ರವೂ 15 ಡಿಗ್ರಿ ಸರಿದ ಕಮಾನು ಎಳೆಯುತ್ತದೆ. ಸ್ಟಾರ್‌ಸ್ಟ್ಯಾಕ್ಸ್ ಅನ್ನುವ ಉಚಿತ ಸಾಫ್ಟ್‌ವೇರ್ ಅವನ್ನೆಲ್ಲ ಸೇರಿಸಿ ಕೊಡುತ್ತದೆ. ಇದಕ್ಕೆ ಕ್ಯಾಮೆರಾದ ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆಫ್ ಇರಬೇಕು. ಅದು ಆನ್ ಇದ್ದರೆ ಪ್ರತಿ ಫೋಟೊ ಆದ ಮೇಲೂ ಅಷ್ಟೇ ಹೊತ್ತು ಕ್ಯಾಮೆರಾ ಸುಮ್ಮನೆ ಕೂರುತ್ತದೆ, ಗೆರೆ ತುಂಡಾಗುತ್ತದೆ.

ಗುಡ್ಡೆಯಲ್ಲಿ ಬೂಟು ಹಾಕಿ, ಟಾರ್ಚ್ ಹಿಡಿದು ನಡೆಯಿರಿ. ಹಾವುಗಳಿವೆ.

ಮಿಂಚು ತೆಗೆಯಬಹುದಾ?

ಏಪ್ರಿಲ್, ಮೇ ಮತ್ತು ತುಲಾ ಮಾಸದ (ಅಕ್ಟೋಬರ್-ನವೆಂಬರ್) ಸಂಜೆ ಮಳೆಯಲ್ಲಿ ಅವಕಾಶ ಧಾರಾಳ. ಎಫ್/8, ಐಎಸ್‌ಒ 100, 10ರಿಂದ 20 ಸೆಕೆಂಡು, ಬಿಡದೆ ತೆಗೆಯುತ್ತಾ ಇರಿ. ಆದರೆ ಮನೆಯೊಳಗಿನಿಂದ, ಕಿಟಕಿಯ ಮೂಲಕ ಮಾತ್ರ. ಅಂಗಳ ಬೇಡ, ಟೆರೇಸ್ ಬೇಡ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು ಬೇಕು. ಮಿಂಚಿಗೂ ಗುಡುಗಿಗೂ 30 ಸೆಕೆಂಡಿಗಿಂತ ಕಡಿಮೆ ಅಂತರ ಇದ್ದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರ ಇದೆ. ನಮ್ಮ ಜಿಲ್ಲೆಯಲ್ಲಿ ಸಿಡಿಲಿಗೆ ಜೀವ ಹೋಗುವುದು ಹೊಸ ಸುದ್ದಿ ಅಲ್ಲ.

ಕುಂಬಳೆ ಬೆಡಿ, ಒತ್ತೆಕೋಲ, ದೇವಸ್ಥಾನದ ಕೆರೆ ತೆಗೆಯುವುದು ಹೇಗೆ?

ಬೆಡಿಗೆ, ಅಂದರೆ ಜಾತ್ರೆಯ ಸುಡುಮದ್ದಿಗೆ ಬಲ್ಬ್ ಮೋಡ್, ಐಎಸ್‌ಒ 100, ಎಫ್/11. ಬಾಣ ಮೇಲೇರುವಾಗ ಶಟರ್ ತೆರೆದು, ಹೂವು ಅರಳಿ ಬಾಡುವಾಗ ಮುಚ್ಚಿ. ಮೊದಲ ಹತ್ತು ನಿಮಿಷದಲ್ಲೇ ಒಳ್ಳೆಯದು ತೆಗೆದುಬಿಡಿ. ಆಮೇಲೆ ಹೊಗೆ ಕವಿಯುತ್ತದೆ. ಗಾಳಿ ಎತ್ತ ಬೀಸುತ್ತಿದೆ ನೋಡಿ, ಹೊಗೆ ನಿಮ್ಮ ಕಡೆ ಬರದ ಹಾಗೆ ನಿಲ್ಲಿ.

ಒತ್ತೆಕೋಲ ಎನ್ನುವ ದೈವಾರಾಧನೆಯ ಕೆಂಡದ ರಾಶಿಯಿಂದ ಏಳುವ ಕಿಡಿಗಳು ಕಾಲು ಸೆಕೆಂಡಿನಲ್ಲೇ ಚಿನ್ನದ ಗೆರೆಗಳಾಗುತ್ತವೆ. ಆದರೆ ಅಲ್ಲಿ ನಡೆಯುವುದು ಆರಾಧನೆ. ಮನೆಯ ಹಿರಿಯರನ್ನು, ಆಡಳಿತದವರನ್ನು ಮೊದಲೇ ಕೇಳಿ. ಫ್ಲಾಶ್ ಬೇಡವೇ ಬೇಡ. ಟ್ರೈಪಾಡ್ ಇಟ್ಟು ಭಕ್ತರ ದಾರಿ ಅಡ್ಡ ಹಾಕಬೇಡಿ. ಬೇಡ ಅಂದರೆ ಕ್ಯಾಮೆರಾ ಚೀಲದೊಳಗೆ ಹಾಕಿ ಕೈ ಮುಗಿದು ನೋಡಿ. ಅನಂತಪುರದ ಕೆರೆಗೂ ಇದೇ ಮಾತು. 2022ರಲ್ಲಿ ತೀರಿಕೊಂಡ ಮೊಸಳೆ ಬಬಿಯಾ ಇದ್ದ ಆ ಕೆರೆಯಲ್ಲಿ ಗಾಳಿಯ ಕಿರುಅಲೆಗಳು 20 ಸೆಕೆಂಡಿಗೆ ನಯವಾಗಿ ಗರ್ಭಗುಡಿಯ ಪ್ರತಿಬಿಂಬ ಸ್ಪಷ್ಟವಾಗುತ್ತದೆ, ಅನುಮತಿ ಸಿಕ್ಕರೆ.

ಟ್ರೈಪಾಡ್ ಇದ್ದರೂ ಫೋಟೊ ಮಸುಕು. ಯಾಕೆ?

ಕೈ ನಡುಕ ಸರಿಮಾಡುವ ಲೆನ್ಸಿನ ಸ್ಟೆಬಿಲೈಸೇಶನ್ ಆಫ್ ಮಾಡಿದಿರಾ? ಕುತ್ತಿಗೆ ಬೆಲ್ಟ್ ಗಾಳಿಗೆ ಹಾರಾಡುತ್ತಿತ್ತಾ? ಅಪರ್ಚರನ್ನು ಎಫ್/22ಕ್ಕೆ ಒತ್ತಿದಿರಾ? ತೀರಾ ಕಿರಿದಾದರೆ ಬೆಳಕು ಅಂಚಿನಲ್ಲಿ ಬಾಗಿ ಇಡೀ ಚಿತ್ರ ಮೆತ್ತಗಾಗುತ್ತದೆ. ಎಫ್/11 ದಾಟದಿರುವುದು ಒಳ್ಳೆಯದು.

ಎಡಿಟ್ ಮಾಡಿದರೆ ಮೋಸ ಅಲ್ವಾ?

ಅಲ್ಲ. ಕ್ಯಾಮೆರಾ ಕಂಡದ್ದನ್ನೆಲ್ಲ ಹಾಗೇ ಉಳಿಸುವ ರಾ ಫೈಲಿನಲ್ಲಿ ತೆಗೆಯಿರಿ. ಎನ್‌ಡಿ ಫಿಲ್ಟರ್ ಬಣ್ಣ ಕೆಡಿಸಿದ್ದರೆ ಸರಿ ಮಾಡಿ, ಓರೆಯಾದ ದಿಗಂತ ನೆಟ್ಟಗೆ ಮಾಡಿ. ಡಾರ್ಕ್‌ಟೇಬಲ್, ರಾಥೆರಪಿ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಎರಡೂ ಉಚಿತ. ಇಲ್ಲದ ಚಂದ್ರನನ್ನು ತಂದು ಅಂಟಿಸುವುದು ಬೇರೆ ಮಾತು. ಅದನ್ನು ನಾನು ಒಪ್ಪುವುದಿಲ್ಲ.

ಚಂದ್ರಗಿರಿ ಸೇತುವೆಯ ಮೇಲೆ ರೈಲಿನ ಬೆಳಕಿನ ಗೆರೆ ತೆಗೆಯಬಹುದಾ?

ಹೊಳೆಯ ದಡದಿಂದ ತೆಗೆಯಿರಿ. ಕಿಟಕಿಗಳ ಬೆಳಕು ಒಂದೇ ಪಟ್ಟಿಯಾಗಿ ಬರುತ್ತದೆ, ನೀರಿನಲ್ಲೂ ಮೂಡುತ್ತದೆ. ರೈಲು ಹೊಕ್ಕಾಗ ಶಟರ್ ತೆರೆದು ದಾಟಿದಾಗ ಮುಚ್ಚಿ. ಹಳಿಯ ಮೇಲೆ ಹೋಗುವುದು ಅಪರಾಧ, ಪ್ರಾಣಕ್ಕೂ ಸಂಚಕಾರ.

ರಾತ್ರಿ ಒಬ್ಬರೇ ಹೋಗಬಹುದಾ?

ಇಬ್ಬರಾದರೂ ಹೋಗಿ. ಮನೆಯಲ್ಲಿ ಜಾಗ, ವಾಪಸು ಬರುವ ಹೊತ್ತು ಹೇಳಿ. ಕಡಲ ಬದಿಯಲ್ಲಿ ಹತ್ತಿರದ ಮನೆಯವರಿಗೆ, ಬಲೆ ಸರಿಮಾಡುವವರಿಗೆ ಏನು ಮಾಡಲು ಬಂದಿದ್ದೇವೆ ಅಂತ ಮೊದಲೇ ಹೇಳಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಕರಾವಳಿ ಪೊಲೀಸರು ಬಂದು ಕೇಳಿದರೆ ತೆಗೆದ ಫೋಟೊ ತೋರಿಸಿ. ಗುರುತಿನ ಚೀಟಿ, ನೀರು, ಎರಡನೇ ಬ್ಯಾಟರಿ ಚೀಲದಲ್ಲಿರಲಿ. ಲಾಂಗ್ ಎಕ್ಸ್‌ಪೋಶರ್ ಬ್ಯಾಟರಿಯನ್ನು ಬೇಗ ಖಾಲಿ ಮಾಡುತ್ತದೆ.